ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಥೈರಾಯ್ಡ್ ವರದಿ ದಾರಿ ತಪ್ಪಿಸುವುದೇಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು, ಸಣ್ಣ ಕರುಳಿನ ಒಳಪದರವನ್ನು ಸವೆಸಿಬಿಡುವ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಈ ಕಾಯಿಲೆಯವರಲ್ಲಿ ಅನೇಕರಿಗೆ ಥೈರಾಯ್ಡ್ ತೊಂದರೆಯೂ ಜೊತೆಗಿರುತ್ತದೆ. ಅವರ ಕೈಗೆ ಬರುವ ಥೈರಾಯ್ಡ್ ವರದಿಯನ್ನು ಉಳಿದವರ ವರದಿಯಂತೆಯೇ ಓದಿದರೆ ಡೋಸ್ ತಪ್ಪುತ್ತದೆ, ಕೆಲವೊಮ್ಮೆ ಇಲ್ಲದ ಕಾಯಿಲೆಗೆ ಚಿಕಿತ್ಸೆಯೂ ಶುರುವಾಗುತ್ತದೆ. ರೋಗಿಗಳೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಕರುಳಿನ ಕಾಯಿಲೆ, ಇನ್ನೊಂದು ಕುತ್ತಿಗೆಯ ಗ್ರಂಥಿಯದು. ಎರಡಕ್ಕೂ ಏನು ಸಂಬಂಧ?

ಎರಡೂ ಒಂದೇ ಬೇರಿನಿಂದ ಚಿಗುರಿದವು. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಒಂದರಲ್ಲಿ ಕರುಳಿನ ಮೇಲೆ, ಇನ್ನೊಂದರಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುತ್ತದೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ, ಇಂದಿಗೂ ಅವರ ಹೆಸರಿನಲ್ಲೇ ಗುರುತಿಸುವ ಥೈರಾಯ್ಡ್ ಉರಿಯೂತ ಈ ಗುಂಪಿನದೇ. ಎಚ್‌ಎಲ್‌ಎ-ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ವಂಶವಾಹಿಗಳು ಇಲ್ಲದವರಿಗೆ ಸೀಲಿಯಾಕ್ ಬರುವುದು ಬಹಳ ಅಪರೂಪ. ಅದೇ ವಂಶವಾಹಿಗಳು ದೇಹ ತನ್ನ ಮೇಲೆ ತಾನೇ ಎರಗುವ ಬೇರೆ ಕೆಲವು ಕಾಯಿಲೆಗಳಿಗೂ ದಾರಿ ಮಾಡಿಕೊಡುತ್ತವೆ. ಆದ್ದರಿಂದ ಸೀಲಿಯಾಕ್ ಇರುವವರಲ್ಲಿ ಥೈರಾಯ್ಡ್ ಕಾಯಿಲೆ ಸಾಮಾನ್ಯ ಜನರಿಗಿಂತ ಹೆಚ್ಚು ಕಾಣುತ್ತದೆ. ಹಾಗೆಯೇ ಹಶಿಮೊಟೊ ಇರುವ ನೂರು ಜನರನ್ನು ಪರೀಕ್ಷಿಸಿದರೆ ಸುಮಾರು ಎರಡರಿಂದ ಐದು ಮಂದಿಯಲ್ಲಿ ಸೀಲಿಯಾಕ್ ಇರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ವರದಿ ದಾರಿ ತಪ್ಪಿಸುತ್ತದೆ ಎಂದರೆ ಲ್ಯಾಬಿನವರು ತಪ್ಪು ಮಾಡಿದ್ದಾರೆ ಎಂದೇ ಅರ್ಥವೇ?

ಹೆಚ್ಚಿನ ಸಲ ಅಲ್ಲ. ಇಲ್ಲಿ ಎರಡು ಬಗೆಯ ಸಂದರ್ಭಗಳಿವೆ, ಅವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಮೊದಲನೆಯದರಲ್ಲಿ ಸಂಖ್ಯೆ ಸರಿಯಾಗಿಯೇ ಇರುತ್ತದೆ, ನಾವು ಅದರಿಂದ ತೆಗೆಯುವ ತೀರ್ಮಾನ ತಪ್ಪಾಗುತ್ತದೆ. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ, ಹಾರ್ಮೋನು ಸಾಲದಾದಾಗ ಏರುವ ಟಿಎಸ್‌ಎಚ್ ನಿಜಕ್ಕೂ 20 ಇರುತ್ತದೆ, ಅಂದರೆ ತೀರ ಹೆಚ್ಚು. ಆದರೆ ಕಾರಣ ಡೋಸ್ ಸಾಲದ್ದಲ್ಲ, ನುಂಗಿದ ಗುಳಿಗೆ ರಕ್ತಕ್ಕೆ ಸೇರದಿರುವುದು. ಎರಡನೆಯದರಲ್ಲಿ ಸಂಖ್ಯೆಯೇ ಸುಳ್ಳಾಗಿರುತ್ತದೆ. ರಕ್ತದಲ್ಲಿರುವ ಯಾವುದೋ ಪ್ರತಿಕಾಯವೋ ವಿಟಮಿನ್ನೋ ಯಂತ್ರದ ರಾಸಾಯನಿಕ ಕ್ರಿಯೆಯ ನಡುವೆ ಕೈ ಹಾಕಿ ಇಲ್ಲದ್ದನ್ನು ತೋರಿಸುತ್ತದೆ. ಸೀಲಿಯಾಕ್ ಇರುವವರಲ್ಲಿ ಮೊದಲನೆಯ ಬಗೆಯೇ ಹೆಚ್ಚು. ಆದ್ದರಿಂದ ವರದಿ ಒಗ್ಗದಿದ್ದಾಗ ಲ್ಯಾಬನ್ನು ದೂರುವುದಕ್ಕೆ ಮೊದಲು ಕರುಳು, ಗುಳಿಗೆ, ಊಟ ಇವುಗಳತ್ತ ನೋಡುವುದು ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ.

ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗುತ್ತಿದ್ದೇನೆ. ಡೋಸ್ ಏರಿಸುತ್ತಲೇ ಹೋದರೂ ಟಿಎಸ್‌ಎಚ್ ಏಕೆ ಇಳಿಯುತ್ತಿಲ್ಲ?

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ, ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವ ಜಾಗವೂ ಇದೇ.

ನಾವು ನುಂಗುವ ಲೆವೊಥೈರಾಕ್ಸಿನ್ ಗುಳಿಗೆಯಲ್ಲಿರುವ ಹಾರ್ಮೋನು ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. ಆರೋಗ್ಯವಂತರಲ್ಲಿಯೇ ನುಂಗಿದ್ದರಲ್ಲಿ ಶೇಕಡ 60ರಿಂದ 80ರಷ್ಟು ಮಾತ್ರ ಒಳಗೆ ಹೋಗುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಎದ್ದು ನಿಂತಿರುವ ಸೂಕ್ಷ್ಮ ಬೆರಳುಗಳು ಸೀಲಿಯಾಕ್ ಕಾಯಿಲೆಯಲ್ಲಿ ಸವೆದು ಚಪ್ಪಟೆಯಾಗುತ್ತವೆ. ಹೀರುವ ಮೇಲ್ಮೈ ಕುಗ್ಗಿದಂತೆ ಗುಳಿಗೆಯ ಹೆಚ್ಚಿನ ಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಗೊತ್ತಾಗುವುದು ರಕ್ತದಲ್ಲಿ ಹಾರ್ಮೋನು ಸಾಲದು ಎಂಬುದಷ್ಟೇ, ಹಾಗಾಗಿ ಅದು ಟಿಎಸ್‌ಎಚ್ ಅನ್ನು ಏರಿಸುತ್ತದೆ. ವರದಿ ನೋಡಿದ ವೈದ್ಯರು ಡೋಸ್ ಏರಿಸುತ್ತಾರೆ, ಅದರಲ್ಲೂ ಒಂದು ಪಾಲು ಹೊರಗೇ ಹೋಗುತ್ತದೆ.

ಉದಾಹರಣೆಗೆ ಒಂದು ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು ಓದೋಣ. ತೂಕ 52 ಕೆ.ಜಿ. ಇರುವ ಒಬ್ಬ ಹೆಣ್ಣುಮಗಳು. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದ್ದರೂ ಒಬ್ಬರಿಗೆ ಬೇಕಾಗುವುದು ದಿನಕ್ಕೆ ಪ್ರತಿ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ ಇವರ ಪಾಲಿಗೆ ಸುಮಾರು 83 ಮೈಕ್ರೋಗ್ರಾಂ. ಇವರು ನುಂಗುತ್ತಿರುವುದು 150. ಆದರೂ ಟಿಎಸ್‌ಎಚ್ 22. ಅದೇ ಹಾಳೆಯ ಕೆಳಗೆ ಹಿಮೋಗ್ಲೋಬಿನ್ 8.4, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 4, ಎರಡೂ ತೀರ ಕಡಿಮೆ. ಮೇಲಿನ ಸಾಲನ್ನು ಮಾತ್ರ ಓದಿದವರು 175ಕ್ಕೆ ಏರಿಸುತ್ತಾರೆ. ಕೆಳಗಿನ ಎರಡು ಸಾಲುಗಳನ್ನೂ ಸೇರಿಸಿ ಓದಿದವರು, ಕಬ್ಬಿಣವೂ ಒಳಗೆ ಹೋಗುತ್ತಿಲ್ಲ, ಹಾರ್ಮೋನೂ ಒಳಗೆ ಹೋಗುತ್ತಿಲ್ಲ, ಹಾಗಾದರೆ ತೊಂದರೆ ಬಾಗಿಲಿನಲ್ಲಿಯೇ ಇದೆ ಎಂದು ಕರುಳಿನ ಪರೀಕ್ಷೆಗೆ ಬರೆದುಕೊಡುತ್ತಾರೆ. ಅಂಥವರಿಗೆ ಭೇದಿ, ಹೊಟ್ಟೆ ಉಬ್ಬರ ಯಾವುದೂ ಇಲ್ಲದಿರಬಹುದು. ವಯಸ್ಕರಲ್ಲಿ ಸೀಲಿಯಾಕ್ ಹೊಟ್ಟೆಯ ಲಕ್ಷಣವಿಲ್ಲದೆ, ಬರೀ ರಕ್ತಹೀನತೆಯಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ.

ಇಟಲಿಯ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಶಿಮೊಟೊ ಜೊತೆಗೆ ಹೊಟ್ಟೆಯ ಲಕ್ಷಣಗಳಿಲ್ಲದ ಸೀಲಿಯಾಕ್ ಇದ್ದವರಿಗೆ ಬೇಕಾದ ಥೈರಾಕ್ಸಿನ್ ಪ್ರಮಾಣ, ಸೀಲಿಯಾಕ್ ಇಲ್ಲದವರಿಗಿಂತ ಸುಮಾರು ಶೇಕಡ 49ರಷ್ಟು ಹೆಚ್ಚಿತ್ತು. ಗ್ಲುಟೆನ್ ಬಿಟ್ಟ ಮೇಲೆ ಅದು ಇಳಿದು ಉಳಿದವರ ಮಟ್ಟಕ್ಕೆ ಬಂತು. ತೂಕಕ್ಕೆ ಹೋಲಿಸಿದರೆ ಅತಿಯೆನಿಸುವ ಡೋಸ್ ತಾನೇ ಒಂದು ಸುಳಿವು ಎಂಬುದನ್ನು ಇದು ತೋರಿಸುತ್ತದೆ.

"ನೀವು ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ" ಎಂದು ವೈದ್ಯರು ಹೇಳುತ್ತಾರೆ. ನಾನು ಸುಳ್ಳು ಹೇಳುತ್ತಿಲ್ಲ ಎಂದು ತೋರಿಸುವುದು ಹೇಗೆ?

ಗುಳಿಗೆ ತಪ್ಪಿಸುವವರೇ ಹೆಚ್ಚಾದ್ದರಿಂದ ವೈದ್ಯರಿಗೆ ಮೊದಲು ಆ ಅನುಮಾನ ಬರುವುದು ಸಹಜ. ಆದರೆ ನುಂಗಿಯೂ ನುಂಗಿಲ್ಲವೆನ್ನಿಸಿಕೊಂಡ ರೋಗಿಯ ಸಂಕಟ ಸಣ್ಣದಲ್ಲ, ಮನೆಯವರೂ ಅದೇ ಮಾತು ಹೇಳತೊಡಗಿದರೆ ಅದು ಇನ್ನಷ್ಟು ಹೆಚ್ಚುತ್ತದೆ. ಇದನ್ನು ತೀರ್ಮಾನಿಸಲು ಒಂದು ಪರೀಕ್ಷೆ ಇದೆ. ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಒಮ್ಮೆಗೇ ಕೊಟ್ಟು, ಮುಂದಿನ ಕೆಲವು ಗಂಟೆಗಳಲ್ಲಿ ಹಲವು ಸಲ ರಕ್ತ ತೆಗೆದು ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿ ತಿರುಗುವ ಥೈರಾಕ್ಸಿನ್, ಎಷ್ಟು ಏರಿತು ಎಂದು ನೋಡುತ್ತಾರೆ. ಚೆನ್ನಾಗಿ ಏರಿದರೆ ಕರುಳು ಹೀರುತ್ತಿದೆ ಎಂದು ಅರ್ಥ, ಏರದಿದ್ದರೆ ರೋಗಿಯ ಮಾತು ನಿಜ. ಹೃದಯದ ತೊಂದರೆ ಇರುವವರಿಗೆ ಇದು ತಕ್ಕುದಲ್ಲ, ಮನೆಯಲ್ಲಿ ಯಾರೂ ಇದನ್ನು ಪ್ರಯತ್ನಿಸಕೂಡದು.

ಗ್ಲುಟೆನ್ ಬಿಟ್ಟು ಎಂಟು ತಿಂಗಳಾಯಿತು. ಈಗ ಟಿಎಸ್‌ಎಚ್ 0.05ಕ್ಕೆ ಇಳಿದಿದೆ. ಥೈರಾಯ್ಡ್ ಉಲ್ಟಾ ಹೊಡೆಯಿತೇ?

ಬಹುಮಟ್ಟಿಗೆ ಇದು ಒಳ್ಳೆಯ ಸುದ್ದಿಯೇ. ಕರುಳು ಮಾಯುತ್ತಿದೆ, ಇಷ್ಟು ದಿನ ಹೊರಗೆ ಹೋಗುತ್ತಿದ್ದ ಗುಳಿಗೆ ಈಗ ಒಳಗೆ ಹೋಗುತ್ತಿದೆ. ಹೀರದ ಕರುಳಿಗೆಂದು ಏರಿಸಿದ್ದ ಡೋಸ್ ಹೀರುವ ಕರುಳಿಗೆ ಅತಿಯಾಗಿದೆ. ಇದನ್ನು ಗ್ರಂಥಿಯೇ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಓದಿ ಬೇರೆ ಔಷಧ ಶುರುಮಾಡಿದರೆ ತಪ್ಪಾಗುತ್ತದೆ. ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ. ಅತಿಯಾದ ಹಾರ್ಮೋನು ಎದೆಬಡಿತ ತಪ್ಪಿಸುತ್ತದೆ, ಮೂಳೆ ಸವೆಸುತ್ತದೆ. ಸೀಲಿಯಾಕ್ ಇದ್ದವರ ಮೂಳೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆಯಿಂದ ಮೊದಲೇ ಸೊರಗಿರುತ್ತದೆ ಎಂಬುದನ್ನು ಮರೆಯಬಾರದು.

ಕರುಳು ಪೂರ್ತಿ ಮಾಯಲು ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಪಥ್ಯ ಆರಂಭಿಸಿದ ಮೊದಲ ವರ್ಷದಲ್ಲಿ ಪ್ರತಿ ಆರರಿಂದ ಎಂಟು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿ ಡೋಸ್ ಇಳಿಸುತ್ತಾ ಬರಬೇಕಾಗಬಹುದು. ಪಥ್ಯ ಹೇಳಿಕೊಟ್ಟವರು ಈ ಮಾತನ್ನು ಹೇಳದೆ ಬಿಡುವುದು ನನಗೆ ತುಂಬ ಬೇಸರ ತರಿಸುವ ವಿಷಯ, ಏಕೆಂದರೆ ಹೊಟ್ಟೆಯ ವೈದ್ಯರು ಒಬ್ಬರು, ಥೈರಾಯ್ಡ್ ವೈದ್ಯರು ಇನ್ನೊಬ್ಬರು ಆಗಿದ್ದಾಗ ಈ ಒಂದು ಸಂಗತಿ ಇಬ್ಬರ ನಡುವೆ ಕಳೆದುಹೋಗುತ್ತದೆ.

ಚಪಾತಿ, ಬ್ರೆಡ್ಡು, ಮೈದಾ ಎಲ್ಲ ಬಿಟ್ಟಿದ್ದೇನೆ. ಆದರೂ ಟಿಎಸ್‌ಎಚ್ ಒಮ್ಮೆ 3, ಒಮ್ಮೆ 14. ಏಕೆ?

ಗ್ಲುಟೆನ್ ಎಲ್ಲಿಂದಲೋ ಇನ್ನೂ ಬರುತ್ತಿರಬಹುದು. ನಮ್ಮ ಅಡುಗೆಮನೆಯಲ್ಲಿ ಮೊದಲು ನೋಡಬೇಕಾದದ್ದು ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟು ಬೆರೆಸಿ ಮಾಡಿದ್ದು. ಆ ಹಿಟ್ಟು ಅನೇಕ ಸಲ ಗೋಧಿಯದೋ ಮೈದಾದ್ದೋ ಆಗಿರುತ್ತದೆ. ಅನ್ನ, ಸಾರು, ಮಜ್ಜಿಗೆ ಮಾತ್ರ ಉಣ್ಣುವವರಿಗೂ ಸಾರಿನ ಒಗ್ಗರಣೆಯ ಮೂಲಕ ದಿನವೂ ಅದು ಸೇರುತ್ತದೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ಅಕ್ಕಿಹಿಟ್ಟು ಬೆರೆಸಿದ ಇಂಗನ್ನು ಆರಿಸಿಕೊಳ್ಳಬೇಕು.

ಎರಡನೆಯದು ಗಿರಣಿ. ರಾಗಿ, ಜೋಳ, ಅಕ್ಕಿ ಇವುಗಳಲ್ಲಿ ಗ್ಲುಟೆನ್ ಇಲ್ಲ. ಆದರೆ ಹಿಂದಿನವರು ಗೋಧಿ ಬೀಸಿಸಿಕೊಂಡು ಹೋದ ಕಲ್ಲಿಗೇ ನಿಮ್ಮ ರಾಗಿ ಸುರಿದರೆ ಮೊದಲ ಸೇರಿನಲ್ಲಿ ಗೋಧಿಯ ಹಿಟ್ಟು ಬೆರೆತೇ ಬರುತ್ತದೆ. ಮೂರನೆಯದು ಮಾಲ್ಟ್ ಎಂಬ ಹೆಸರು. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟಿನಲ್ಲಿ ತೊಂದರೆಯಿಲ್ಲ. ಹಾಲಿಗೆ ಬೆರೆಸುವ ಅಂಗಡಿಯ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿಯೂ ಹಲವದರಲ್ಲಿ ಗೋಧಿಯೂ ಇರುತ್ತವೆ. ರವೆ, ಶಾವಿಗೆ, ಬಿಸ್ಕತ್ತು ಬಿಟ್ಟವರೂ ಇಲ್ಲಿ ಎಡವುತ್ತಾರೆ. ಪಥ್ಯ ಎಷ್ಟರಮಟ್ಟಿಗೆ ನಡೆದಿದೆ ಎಂದು ತಿಳಿಯಲು, ಸೀಲಿಯಾಕ್ ಇದ್ದಾಗ ರಕ್ತದಲ್ಲಿ ಏರುವ ಟಿಟಿಜಿ ಪ್ರತಿಕಾಯದ ಪರೀಕ್ಷೆಯನ್ನು ಮತ್ತೆ ಮಾಡಿಸಬಹುದು. ಟಿಎಸ್‌ಎಚ್ ಮತ್ತು ಟಿಟಿಜಿ ಎರಡೂ ಒಟ್ಟಿಗೆ ಏರಿದ್ದರೆ ಡೋಸ್ ಏರಿಸುವ ಮೊದಲು ಅಡುಗೆಮನೆಯನ್ನು ಶೋಧಿಸಬೇಕು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನೂ ಕೊಟ್ಟಿದ್ದಾರೆ. ಮೂರನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಬಹುದೇ?

ಬೇಡ. ಕಬ್ಬಿಣವೂ ಕ್ಯಾಲ್ಸಿಯಮ್ಮೂ ಹೊಟ್ಟೆಯೊಳಗೆ ಲೆವೊಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಂಡು ಹೀರಲು ಬಿಡುವುದಿಲ್ಲ. ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ. ಥೈರಾಯ್ಡ್ ಗುಳಿಗೆಯನ್ನು ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ನಮ್ಮ ಗಟ್ಟಿ ಡಿಕಾಕ್ಷನ್ ಕಾಫಿಯೂ ಅದರ ಹಾದಿಗೆ ಅಡ್ಡ ಬರುತ್ತದೆ. ಬೆಳಿಗ್ಗೆ ಹೊಂದದವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ನುಂಗಬಹುದು. ಆಮ್ಲ ತಗ್ಗಿಸುವ ಗ್ಯಾಸ್ಟ್ರಿಕ್ ಗುಳಿಗೆಗಳೂ ಹೀರಿಕೆಯನ್ನು ಕುಗ್ಗಿಸುತ್ತವೆ, ಅವನ್ನು ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು.

ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದೇನೆ. ಅದಕ್ಕೂ ರಕ್ತಪರೀಕ್ಷೆಗೂ ಏನು ಸಂಬಂಧ?

ಬಹಳ ಸಂಬಂಧವಿದೆ. ಇದು ಸಂಖ್ಯೆಯೇ ಸುಳ್ಳಾಗುವ ಬಗೆ.

ಸೀಲಿಯಾಕ್ ಇರುವವರಿಗೆ ಕೂದಲು ಉದುರುವುದು, ಉಗುರು ಒಡೆಯುವುದು ಸಾಮಾನ್ಯ. ಥೈರಾಯ್ಡ್ ಕೊರತೆಯಲ್ಲೂ ಹಾಗೆಯೇ. ಹಾಗಾಗಿ ಕೂದಲಿನ ಗುಳಿಗೆ ಇವರ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ವಯಸ್ಕರಿಗೆ ದಿನಕ್ಕೆ ಸಾಕಾಗುವ ಬಯೋಟಿನ್ ಎಂಬ ಬಿ ವಿಟಮಿನ್ ಸುಮಾರು 30 ಮೈಕ್ರೋಗ್ರಾಂ. ಕೂದಲಿಗೆಂದು ಮಾರುವ ಗುಳಿಗೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುತ್ತದೆ, ಅಂದರೆ ಬೇಕಾದ್ದಕ್ಕಿಂತ ನೂರಾರು ಪಟ್ಟು.

ಹಲವು ಯಂತ್ರಗಳು ಹಾರ್ಮೋನನ್ನು ಅಳೆಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಎರಡು ವಸ್ತುಗಳ ಬಲವಾದ ಅಂಟಿನ ಮೇಲೆ ಅವಲಂಬಿಸಿವೆ. ಸ್ಟ್ರೆಪ್ಟಾವಿಡಿನ್ ಲೇಪಿಸಿದ ಸೂಕ್ಷ್ಮ ಮಣಿಗಳು ಬಸ್ಸಿನ ಸೀಟುಗಳಿದ್ದಂತೆ. ಪರೀಕ್ಷೆಯ ಬಯೋಟಿನ್ ಕಟ್ಟಿದ ಪ್ರತಿಕಾಯಗಳು ಅಲ್ಲಿ ಕೂರಬೇಕು. ರಕ್ತದಲ್ಲಿಯೇ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಸೀಟು ಹಿಡಿದು ಕೂರುತ್ತದೆ, ಯಂತ್ರಕ್ಕೆ ಸಿಗುವ ಬೆಳಕಿನ ಸಂಕೇತ ಕುಗ್ಗುತ್ತದೆ. ಟಿಎಸ್‌ಎಚ್ ಅಳೆಯುವ ವಿಧಾನದಲ್ಲಿ ಸಂಕೇತ ಕುಗ್ಗಿದರೆ ಟಿಎಸ್‌ಎಚ್ ಕಡಿಮೆ ಎಂದು ಬರುತ್ತದೆ. ಫ್ರೀ ಟಿ4 ಮತ್ತು ಟಿ3 ಎಂಬ ಇನ್ನೊಂದು ಥೈರಾಯ್ಡ್ ಹಾರ್ಮೋನನ್ನು ಅಳೆಯುವ ವಿಧಾನ ತದ್ವಿರುದ್ಧವಾದ್ದು. ಅಲ್ಲಿ ಸಂಕೇತ ಕುಗ್ಗಿದರೆ ಹಾರ್ಮೋನು ಹೆಚ್ಚು ಎಂದು ಬರುತ್ತದೆ. ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು: ಪುಸ್ತಕದಲ್ಲಿರುವ ಹೈಪರ್‌ಥೈರಾಯ್ಡ್ (ಗ್ರಂಥಿಯ ಅತಿ ಕೆಲಸದ) ಚಿತ್ರವೇ ಕಾಗದದ ಮೇಲೆ ಮೂಡುತ್ತದೆ. ಗ್ರಂಥಿಯನ್ನು ಹಾಗೆ ಅತಿಯಾಗಿ ದುಡಿಸುವ ಗ್ರೇವ್ಸ್ ಕಾಯಿಲೆಯ ಪ್ರತಿಕಾಯ ಪರೀಕ್ಷೆ ಕೂಡ ಇದೇ ಕಾರಣಕ್ಕೆ ಪಾಸಿಟಿವ್ ಬಂದರೆ ಅನುಮಾನಕ್ಕೆ ಎಡೆಯೇ ಉಳಿಯದು. ಆದರೆ ಎದುರು ಕುಳಿತ ವ್ಯಕ್ತಿಯ ನಾಡಿ 72, ಕೈ ನಡುಗುತ್ತಿಲ್ಲ, ತೂಕ ಇಳಿದಿಲ್ಲ. ಅಂಥಾಗ ನಂಬಬೇಕಾದದ್ದು ನಾಡಿಯನ್ನು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರ ನವೆಂಬರಿನಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿ, 2019ರಲ್ಲಿ ಅದನ್ನು ಪರಿಷ್ಕರಿಸಿತು. ಆ ಬಳಿಕ ಕೆಲವು ಕಂಪನಿಗಳು ತಮ್ಮ ಪರೀಕ್ಷಾ ದ್ರಾವಣಗಳನ್ನು ತಿದ್ದಿವೆಯಾದರೂ ಎಲ್ಲ ಲ್ಯಾಬಿನಲ್ಲೂ ಅವೇ ಇವೆ ಎಂದುಕೊಳ್ಳುವಂತಿಲ್ಲ. ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ. ಬೇರೆ ಕಾಯಿಲೆಗೆಂದು ಅತಿ ಹೆಚ್ಚು ಪ್ರಮಾಣ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇನ್ನೂ ಹೆಚ್ಚು ದಿನ ಬೇಕಾಗುತ್ತದೆ. ಸೀಲಿಯಾಕ್ ಇರುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇದೇ ತತ್ತ್ವದ ಯಂತ್ರಗಳಲ್ಲಿ ಬಯೋಟಿನ್ನಿನಿಂದ ವಿಟಮಿನ್ ಡಿ ಮತ್ತು ಬಿ12 ಸುಳ್ಳಾಗಿ ಹೆಚ್ಚು, ಫೆರಿಟಿನ್ ಸುಳ್ಳಾಗಿ ಕಡಿಮೆ ಬರಬಹುದು. ಕರುಳು ಮಾಯುತ್ತಿದೆಯೇ ಎಂದು ನೋಡಲು ನಾವು ನಂಬುವುದು ಇವೇ ಸಂಖ್ಯೆಗಳನ್ನು.

ಟಿ3 ಮಾತ್ರ ಕಡಿಮೆ ಇದೆ, ಟಿಎಸ್‌ಎಚ್ ಸರಿಯಾಗಿದೆ. ಇದಕ್ಕೆ ಗುಳಿಗೆ ಬೇಕೇ?

ಸೀಲಿಯಾಕ್ ಈಗತಾನೇ ಪತ್ತೆಯಾಗಿ, ತೂಕ ಇಳಿದು, ದೇಹ ಬಳಲಿರುವಾಗ ಹೀಗೆ ಬರುವುದು ಸಾಮಾನ್ಯ. ಊಟ ಮೈಗೆ ಹತ್ತದಿದ್ದಾಗ ದೇಹ ಟಿ4 ಅನ್ನು ಟಿ3 ಆಗಿ ಮಾರ್ಪಡಿಸುವುದನ್ನು ತಗ್ಗಿಸಿ ಖರ್ಚು ಉಳಿಸುತ್ತದೆ. ಗ್ರಂಥಿ ಚೆನ್ನಾಗಿಯೇ ಇರುತ್ತದೆ. ಚೇತರಿಸಿಕೊಳ್ಳುವಾಗ ಇದಕ್ಕೆ ವಿರುದ್ಧವಾಗಿ ಟಿಎಸ್‌ಎಚ್ ಕೆಲವು ವಾರ ಮೇಲೇರುವುದೂ ಉಂಟು, ಸಾಮಾನ್ಯವಾಗಿ 20ರ ಒಳಗೆ. ಅದನ್ನು ಶಾಶ್ವತ ಕೊರತೆ ಎಂದು ಓದಿ ಜೀವನಪರ್ಯಂತದ ಗುಳಿಗೆ ಬರೆಯುವುದಕ್ಕಿಂತ ಆರು ವಾರ ಕಾದು ಮತ್ತೆ ನೋಡುವುದು ಲೇಸು.

ಇಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಥೈರಾಯ್ಡ್ ಪ್ರೊಫೈಲ್ ಎಂದು ಮಾಡುವ ಪರೀಕ್ಷೆಯಲ್ಲಿ ಅನೇಕ ಸಲ ಇರುವುದು ಒಟ್ಟು ಟಿ3, ಒಟ್ಟು ಟಿ4 ಮತ್ತು ಟಿಎಸ್‌ಎಚ್. ರಕ್ತದಲ್ಲಿನ ಈ ಹಾರ್ಮೋನುಗಳ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಕೆಲಸ ಮಾಡುವುದು ಬಿಡಿಯಾಗಿ ತಿರುಗುವ ಅತ್ಯಲ್ಪ ಭಾಗ. ಕರುಳು ಕೆಟ್ಟು ರಕ್ತದ ಪ್ರೋಟೀನ್ ತಗ್ಗಿದವರಲ್ಲಿ ಒಟ್ಟು ಟಿ4 ಕಡಿಮೆ ಕಾಣುತ್ತದೆ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಹೆಚ್ಚು ಕಾಣುತ್ತದೆ. ಇಬ್ಬರಲ್ಲೂ ಫ್ರೀ ಟಿ4 ಸರಿಯಾಗಿರಬಹುದು. ಆದ್ದರಿಂದ ಚೀಟಿಯಲ್ಲಿ ಫ್ರೀ ಟಿ4 ಎಂದು ಬರೆಸಿಕೊಳ್ಳಿ.

ಟಿಪಿಒ ಪ್ರತಿಕಾಯ ಪಾಸಿಟಿವ್ ಬಂದಿದೆ, ಟಿಎಸ್‌ಎಚ್ 2.1. ಚಿಕಿತ್ಸೆ ಶುರುಮಾಡಬೇಕೇ?

ಬೇಕಿಲ್ಲ, ಟಿಎಸ್‌ಎಚ್ ಸರಿಯಾಗಿಯೇ ಇದೆ. ಥೈರಾಯ್ಡ್ ಗ್ರಂಥಿಯ ವಿರುದ್ಧ ಹುಟ್ಟುವ ಈ ಪ್ರತಿಕಾಯ ಇದೆಯೆಂದರೆ ಮುಂದೆ ಕೊರತೆ ಬರುವ ಸಾಧ್ಯತೆ ಹೆಚ್ಚು ಎಂದಷ್ಟೇ ಅರ್ಥ. ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಳ್ಳಿ. ಗ್ಲುಟೆನ್ ಬಿಟ್ಟರೆ ಟಿಪಿಒ ಇಳಿದೇ ಇಳಿಯುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು.

ನಾನು ಯಾವ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿಲ್ಲ. ಟಿಎಸ್‌ಎಚ್ 40 ಎಂದು ಬಂದಿದೆ, ಆದರೆ ಫ್ರೀ ಟಿ4 ಸರಿಯಾಗಿದೆ, ನನಗೆ ಯಾವ ತೊಂದರೆಯೂ ಇಲ್ಲ. ಇದು ಹೇಗೆ?

ಅಷ್ಟು ಎತ್ತರದ ಟಿಎಸ್‌ಎಚ್ ಜೊತೆಗೆ ನಡುಮಟ್ಟದ ಟಿ4 ಇದ್ದು, ಲಕ್ಷಣಗಳೇ ಇಲ್ಲದಿದ್ದರೆ ಯಂತ್ರಕ್ಕೆ ಏನೋ ಅಡ್ಡ ಬಂದಿದೆಯೇ ಎಂದು ಕೇಳಬೇಕು. ಒಂದು ಕಾರಣ ಮ್ಯಾಕ್ರೋ-ಟಿಎಸ್‌ಎಚ್. ಟಿಎಸ್‌ಎಚ್ ಕಣಗಳಿಗೆ ಐಜಿಜಿ ಎಂಬ ಬಗೆಯ ಪ್ರತಿಕಾಯ ಅಂಟಿಕೊಂಡು ದೊಡ್ಡ ಗಂಟಾಗುತ್ತದೆ. ಆ ಗಂಟು ಮೂತ್ರಪಿಂಡದಲ್ಲಿ ಸೋಸಿ ಹೋಗದೆ ರಕ್ತದಲ್ಲೇ ಉಳಿಯುತ್ತದೆ, ಕೆಲಸವನ್ನೂ ಮಾಡುವುದಿಲ್ಲ, ಆದರೆ ಯಂತ್ರ ಅದನ್ನೂ ಎಣಿಸುತ್ತದೆ. ಸೀಲಿಯಾಕ್ ಇರುವವರಲ್ಲಿ ಅಮೈಲೇಸ್ ಎಂಬ ಕಿಣ್ವ ಹೀಗೆ ಪ್ರತಿಕಾಯದೊಂದಿಗೆ ಗಂಟಾಗಿ ಸುಳ್ಳು ಏರಿಕೆ ತೋರಿಸುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಇನ್ನೊಂದು ಕಾರಣ ಹೆಟೆರೋಫೈಲ್ ಪ್ರತಿಕಾಯಗಳು. ಪರೀಕ್ಷೆಯಲ್ಲಿ ಬಳಸುವ ಪ್ರಾಣಿಮೂಲದ ಪ್ರತಿಕಾಯಗಳಿಗೆ ಇವು ತಾವೇ ಹೋಗಿ ಅಂಟಿಕೊಂಡು, ಹಾರ್ಮೋನು ಇಲ್ಲದೆಯೂ ಇದೆ ಎನ್ನಿಸುತ್ತವೆ.

ಪತ್ತೆ ಮಾಡಲು ಅದೇ ರಕ್ತವನ್ನು ಬೇರೆ ಕಂಪನಿಯ ಯಂತ್ರದಲ್ಲಿ ಅಳೆಸಬಹುದು. ಮಾದರಿಯನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳುಮಾಡಿದಾಗ ಸಂಖ್ಯೆ ಅದೇ ಲೆಕ್ಕದಲ್ಲಿ ಇಳಿಯುತ್ತದೆಯೇ ಎಂದು ನೋಡಬಹುದು. ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿ ದೊಡ್ಡ ಗಂಟುಗಳನ್ನು ತಳಕ್ಕೆ ಕೂರಿಸಿ, ಮೇಲೆ ಉಳಿದ ತಿಳಿಯಲ್ಲಿ ಎಷ್ಟು ಟಿಎಸ್‌ಎಚ್ ಇದೆಯೆಂದು ಅಳೆಯಬಹುದು. ಇವು ಎಲ್ಲ ಲ್ಯಾಬಿನಲ್ಲೂ ನಡೆಯುವ ಕೆಲಸವಲ್ಲ. ವೈದ್ಯರೇ ಲ್ಯಾಬಿನ ಮುಖ್ಯಸ್ಥರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ತಾಯಿಯ ಮ್ಯಾಕ್ರೋ-ಟಿಎಸ್‌ಎಚ್ ಗರ್ಭದ ಮಾಸಿನ ಮೂಲಕ ಮಗುವಿಗೂ ದಾಟುತ್ತದೆ. ಹಾಗಾಗಿ ನವಜಾತ ಶಿಶುವಿನ ಟಿಎಸ್‌ಎಚ್ ಅಕಾರಣವಾಗಿ ಏರಿದ್ದರೆ ತಾಯಿಯ ರಕ್ತವನ್ನೂ ನೋಡಬೇಕು. ಆದರೆ ಶಿಶುವಿನ ವಿಷಯದಲ್ಲಿ ಸುಳ್ಳಿರಬಹುದು ಎಂದು ಊಹಿಸಿ ಚಿಕಿತ್ಸೆ ತಡಮಾಡುವಂತಿಲ್ಲ.

ತುಂಬ ಸುಸ್ತು, ತೂಕ ಇಳಿಯುತ್ತಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಟಿಎಸ್‌ಎಚ್ 8. ಗ್ಲುಟೆನ್ ಬಿಟ್ಟಾಗಿದೆ. ಥೈರಾಯ್ಡ್ ಗುಳಿಗೆ ಶುರುಮಾಡಲೇ?

ಇಲ್ಲಿ ಅವಸರ ಅಪಾಯಕಾರಿ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸೊರಗುವ ಅಡಿಸನ್ ಕಾಯಿಲೆಯೂ ಸೀಲಿಯಾಕ್ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ಆ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಕಡಿಮೆಯಾದಾಗ ಟಿಎಸ್‌ಎಚ್ ಸ್ವಲ್ಪ ಏರುತ್ತದೆ, ಕಾರ್ಟಿಸಾಲ್ ಸರಿಪಡಿಸಿದರೆ ಅದು ತಾನೇ ಇಳಿಯಬಹುದು. ಇದನ್ನು ಗುರುತಿಸದೆ ಥೈರಾಯ್ಡ್ ಗುಳಿಗೆ ಕೊಟ್ಟರೆ ಉಳಿದಿದ್ದ ಅಲ್ಪ ಕಾರ್ಟಿಸಾಲೂ ಬೇಗ ಕರಗಿ ಪ್ರಾಣಾಪಾಯವಾಗಬಹುದು. ಥೈರಾಯ್ಡ್ ಕೊರತೆಯಲ್ಲಿ ತೂಕ ಏರುವುದು ರೂಢಿ. ತೂಕ ಇಳಿಯುತ್ತಿದ್ದು, ಬಿಪಿ ಕಡಿಮೆಯಾಗಿ, ಚರ್ಮ ಕಪ್ಪಾಗುತ್ತಿದ್ದು, ಉಪ್ಪು ತಿನ್ನಬೇಕೆನಿಸುತ್ತಿದ್ದರೆ ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಮೊದಲು ಆಗಲಿ.

ದಕ್ಷಿಣ ಭಾರತದವರಿಗೆ ಸೀಲಿಯಾಕ್ ಬರುವುದಿಲ್ಲವಂತೆ. ಹಾಗಾದರೆ ಕರ್ನಾಟಕದಲ್ಲಿ ಥೈರಾಯ್ಡ್ ಇರುವವರು ಇದರ ಬಗ್ಗೆ ಯೋಚಿಸಬೇಕೇ?

ಬರುವುದು ಕಡಿಮೆ, ಬರುವುದೇ ಇಲ್ಲವೆಂದಲ್ಲ. 2016ರಲ್ಲಿ ಪ್ರಕಟವಾದ, ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಭಾರತದ ಅಧ್ಯಯನದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಉತ್ತರದಲ್ಲಿ ಶೇಕಡ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಜನರಲ್ಲಿ ಕಂಡವು. ಗಮನಿಸಬೇಕಾದದ್ದೇನೆಂದರೆ, ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ದೊಡ್ಡ ವ್ಯತ್ಯಾಸವಿದ್ದದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ರಾಗಿಮುದ್ದೆಯ ಜಾಗಕ್ಕೆ ಚಪಾತಿ ಬಂದ ಮನೆಗಳು ನಮ್ಮಲ್ಲಿ ಈಗ ಎಷ್ಟೋ ಇವೆ.

ಥೈರಾಯ್ಡ್ ಇರುವ ಪ್ರತಿಯೊಬ್ಬರೂ ಪರೀಕ್ಷೆಗೆ ಓಡಬೇಕಿಲ್ಲ. ತೂಕಕ್ಕೆ ಮೀರಿದ ಡೋಸ್, ಕಬ್ಬಿಣ ಕೊಟ್ಟರೂ ಏರದ ಹಿಮೋಗ್ಲೋಬಿನ್, ದೀರ್ಘಕಾಲದ ಭೇದಿ, ಮನೆಯವರಲ್ಲಿ ಸೀಲಿಯಾಕ್, ಇವುಗಳಲ್ಲಿ ಒಂದಿದ್ದರೂ ಟಿಟಿಜಿ-ಐಜಿಎ ಮಾಡಿಸುವುದು ಸರಿ. ಜೊತೆಗೆ ಐಜಿಎ ಎಂಬ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣದ ಪರೀಕ್ಷೆಯೂ ಇರಲಿ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಐಜಿಎ ಹುಟ್ಟಿನಿಂದಲೇ ಇರುವುದಿಲ್ಲ. ಅಂಥವರಲ್ಲಿ ಈ ಪರೀಕ್ಷೆ ಕಾಯಿಲೆ ಇದ್ದರೂ ನೆಗೆಟಿವ್ ಬರುತ್ತದೆ, ಐಜಿಜಿ ಆಧಾರಿತ ಪರೀಕ್ಷೆ ಬೇಕಾಗುತ್ತದೆ. ಪರೀಕ್ಷೆಗೆ ಮೊದಲು ದಯವಿಟ್ಟು ಗೋಧಿ ಬಿಡಬೇಡಿ. ಬಿಟ್ಟ ಕೆಲವು ತಿಂಗಳಿಗೆ ಪ್ರತಿಕಾಯ ಇಳಿದು, ಕರುಳಿನ ತುಣುಕು ತೆಗೆದು ನೋಡುವ ಬಯಾಪ್ಸಿಯೂ ಮಂಕಾಗಿ, ಸತ್ಯ ತಿಳಿಯುವ ದಾರಿಯೇ ಮುಚ್ಚುತ್ತದೆ.

ಗರ್ಭಿಣಿಯಾದರೆ ಏನು ಮಾಡಬೇಕು?

ಗರ್ಭ ನಿಂತದ್ದು ಗೊತ್ತಾದ ದಿನವೇ ವೈದ್ಯರಿಗೆ ತಿಳಿಸಿ. ಲೆವೊಥೈರಾಕ್ಸಿನ್ ಬೇಡಿಕೆ ಮೊದಲ ವಾರಗಳಿಂದಲೇ ಏರುತ್ತದೆ. ಇದೇ ಹೊತ್ತಿಗೆ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳೂ ಶುರುವಾಗಿ ಹೀರಿಕೆಗೆ ಅಡ್ಡ ಬರುತ್ತವೆ. ಮೊದಲರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸಬೇಕು.

ರಕ್ತ ಕೊಡುವ ದಿನ ಏನನ್ನು ಗಮನಿಸಬೇಕು? ವೈದ್ಯರ ಬಳಿ ಏನು ಒಯ್ಯಬೇಕು?

ಟಿಎಸ್‌ಎಚ್ ರಾತ್ರಿಯ ಹೊತ್ತು ಏರಿ ಮಧ್ಯಾಹ್ನ ಇಳಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಕೊಡಿ. ಅಂದಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ಇಲ್ಲದಿದ್ದರೆ ಕೆಲವು ಗಂಟೆಗಳ ಕಾಲ ಫ್ರೀ ಟಿ4 ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಡೋಸ್ ಬದಲಿಸಿದ ಮೇಲೆ ಆರು ವಾರಕ್ಕೆ ಮೊದಲು ಪರೀಕ್ಷಿಸಿದರೆ ಹಳೆಯ ಡೋಸಿನ ನೆರಳೇ ಕಾಣುತ್ತದೆ. ಟಿ4 ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು.

ಒಯ್ಯಬೇಕಾದದ್ದು ಒಂದೇ ಹಾಳೆ. ಎಡಗಡೆ ದಿನಾಂಕ, ಅದರ ಪಕ್ಕ ಡೋಸ್, ಟಿಎಸ್‌ಎಚ್, ಫ್ರೀ ಟಿ4, ತೂಕ, ಟಿಟಿಜಿ, ಫೆರಿಟಿನ್ ಎಂದು ಸಾಲು ಹಾಕಿ ಬರೆಯಿರಿ. ಗ್ಲುಟೆನ್ ಬಿಟ್ಟ ದಿನಕ್ಕೆ ಅಡ್ಡಗೆರೆ ಎಳೆಯಿರಿ. ಕೆಳಗೆ ನೀವು ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಹೆಸರು ಮತ್ತು ಹೊತ್ತು ಇರಲಿ, ಕೂದಲಿನ ಗುಳಿಗೆಯೂ ಸೇರಿದಂತೆ. ಡೋಸ್ ಬರೆಯುವಾಗ ಮೈಕ್ರೋಗ್ರಾಂ ಎಂದೇ ಬರೆಯಿರಿ. ಅನೇಕರು ಎಂಜಿ ಎನ್ನುತ್ತಾರೆ, ಅದು ಸಾವಿರ ಪಟ್ಟು ಹೆಚ್ಚು. ಅಂಗಡಿಯವರು ಗುಳಿಗೆಯ ಬ್ರ್ಯಾಂಡ್ ಬದಲಿಸಿ ಕೊಟ್ಟಿದ್ದರೆ ಆ ತಿಂಗಳನ್ನೂ ಗುರುತು ಹಾಕಿ, ಹೊಸ ಗುಳಿಗೆಯಲ್ಲಿ ಬಳಸಿದ ಪಿಷ್ಟ ಯಾವ ಧಾನ್ಯದ್ದು ಎಂದು ತಯಾರಕರನ್ನು ಕೇಳಿ ಪಡೆದ ಉತ್ತರವನ್ನು ಅದರ ಪಕ್ಕದಲ್ಲೇ ಬರೆದಿಡಿ.